ಪತಂಗ ಅಂದರೆ ಯಾವ ಪತಂಗ

ಅಕ್ಕ ತನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಪತಂಗಗಳನ್ನು ಆರಿಸಿಕೊಂಡಿದ್ದಾಳೆ ಎಂದು ತಿಳಿದ ದಿನ ನಾನು ಅಟ್ಟದ ಮೇಲಿಂದ ಹಳೆಯ ದಾರದ ಚಕ್ರಿಯನ್ನು ಇಳಿಸಿ, ಧೂಳು ಒರೆಸಿ, ಅವಳ ಕೈಗಿಟ್ಟೆ. ಅವಳು ನಗಲಿಲ್ಲ. ಅವ್ವ ನಕ್ಕಳು, ಆಮೇಲೆ ಯಾಕೆ ನಕ್ಕೆ ಎಂದು ನನ್ನನ್ನೇ ಕೇಳಿದಳು.

ಬಿಡಿಸಿ ಹೇಳಿದರೆ ಹಾಸ್ಯ ಸತ್ತುಹೋಗುತ್ತದೆ, ಆದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಅನಾಹುತವೆಲ್ಲ ಇದರಿಂದಲೇ ಆದದ್ದು. ಕನ್ನಡದಲ್ಲಿ ಪತಂಗ ಎಂದರೆ ದೀಪಕ್ಕೆ ಮುತ್ತುವ ಹುಳ. ನಾವಿರುವ ನಾಸಿಕದಲ್ಲಿ ಪತಂಗ ಎಂದರೆ ಗಾಳಿಪಟ. ಹುಳಕ್ಕೂ ಅದೇ ಹೆಸರೆಂದು ಮರಾಠಿ ಪಠ್ಯಪುಸ್ತಕಕ್ಕೆ ಗೊತ್ತು, ಆದರೆ ಪಠ್ಯಪುಸ್ತಕವನ್ನು ಕೇಳಿಕೊಂಡು ಯಾರೂ ಮಾತಾಡುವುದಿಲ್ಲ. ಸಂಕ್ರಾಂತಿಯ ದಿನ ಪಂಚವಟಿಯ ಯಾವ ಮಾಳಿಗೆ ಹತ್ತಿ ನಿಂತು ಪತಂಗ ಎಂದು ಕೂಗಿದರೂ ಜನ ಮೇಲೆ ನೋಡುತ್ತಾರೆಯೇ ಹೊರತು ಬಲ್ಬಿನ ಕಡೆ ನೋಡುವುದಿಲ್ಲ.

"ಇಷ್ಟ ಓದಿ ಕಡಿಗೆ ದೀಪದ ಹುಳ ಎಣಸ್ತಿ?" ಎಂದಳು ಅವ್ವ. ಬೀದರಿನಿಂದ ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಮಡಚಿಟ್ಟುಕೊಂಡು ತಂದ ಕನ್ನಡ ಅವಳದು, ಇಂದಿಗೂ ಇಸ್ತ್ರಿ ಕೆಟ್ಟಿಲ್ಲ.

"ಎಣಸೋದಷ್ಟ ಅಲ್ಲವ್ವ, ಯಾವ ಹುಳ ಯಾವ ಗಿಡದ ಮ್ಯಾಲ ಬದಕ್ತದ ಅಂತ ನೋಡೋದು" ಎಂದಳು ಅಕ್ಕ.

"ಹಂಗಾದ್ರ ಬಚ್ಚಲದಾಗ ಸುರು ಮಾಡು. ಅಲ್ಲೇ ಬಾಳ ಅವ."

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ದನಿ ತೆಗೆಯುವುದು. ಘಾಟಿನಲ್ಲಿ ಯಾತ್ರಿಕರ ಗೋತ್ರ ಕೇಳುವ ಪುರೋಹಿತರು, ಘೋಟಿಯ ಬಸ್ ನಿಲ್ದಾಣದಲ್ಲಿ ಮೂಗಿನಿಂದಲೇ ಊರಿನ ಹೆಸರು ಕೂಗುವ ಕಂಡಕ್ಟರ್, ಬೀಜದ ಕಂಪನಿಯ ವ್ಯಾನಿನಲ್ಲಿ ಬರುವ ಧ್ವನಿವರ್ಧಕ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಕನ್ನಡ ಮಾತ್ರ ನನಗೆ ಕೇಳಿದಷ್ಟು ಚೆನ್ನಾಗಿ ಆಡಲು ಬರುವುದಿಲ್ಲ. ಕ್ರಿಯಾಪದ ಅವ್ವನಿಂದ ತರುತ್ತೇನೆ, ಉಳಿದದ್ದು ಆಟೋ ಸ್ಟ್ಯಾಂಡಿನಿಂದ. ಆ ವರ್ಷ ಬಿ.ಕಾಂ.ನ ಒಂದು ವಿಷಯ ನನ್ನನ್ನು ಬಿಟ್ಟುಹೋಗಲು ಒಪ್ಪದೆ ಮನೆಯಲ್ಲೇ ಕೂರಿಸಿತ್ತು. ಹೀಗಾಗಿ ಅಕ್ಕನ ಬಟ್ಟೆ, ಬಿದಿರು, ದೀಪ ಹೊರಲು ಒಬ್ಬ ಬೇಕು ಎಂದಾಗ ಮನೆಯವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

ಅಕ್ಕ ಓದುತ್ತಿದ್ದದ್ದು ಸಂಭಾಜಿನಗರದ ಕಾಲೇಜಿನಲ್ಲಿ. ಕೆಲಸದ ಜಾಗ ಅಲ್ಲಿಂದ ವೇರೂಳಿನ, ಅಂದರೆ ಎಲ್ಲೋರಾದ ಕಡೆಗೆ, ನಮ್ಮ ಸೋದರಮಾವನ ಹೊಲ. ಮಾವ ಬಟ್ಟೆ ವ್ಯಾಪಾರ ಮಾಡುತ್ತೇನೆಂದು ಬೀದರ್ ಬಿಟ್ಟವನು. ಅಲ್ಲಿನ ಹುಡುಗಿಯನ್ನು ಮದುವೆಯಾಗಿ, ಬಟ್ಟೆ ಬಿಟ್ಟು ಮೆಕ್ಕೆಜೋಳ ಹಿಡಿದ. ಇಪ್ಪತ್ತು ವರ್ಷ ಮರಾಠಿ ಆಡಿಯೂ ಬೀದರಿನ 'ರೀ' ಬಿಟ್ಟಿರಲಿಲ್ಲ. "ಕಾಯ್ ಝಾಲಂ ರೀ", ಏನಾಯ್ತು ರೀ, ಎಂದು ಎತ್ತಿಗೂ ಗೌರವ ಕೊಟ್ಟು ಮಾತಾಡಿಸುತ್ತಿದ್ದ. ಅವನ ದನಿ ನಾನು ಮೊದಲ ದಿನವೇ ಕದ್ದೆ.

ಮಾವನ ಹೊಲಕ್ಕೂ ಪಕ್ಕದ ಅಜ್ಜನ ಹೊಲಕ್ಕೂ ನಡುವೆ ಒಂದು ಬದು. ಬದು ಅಜ್ಜನದು. ಎತ್ತಿನ ಗಾಡಿ ಹೋಗುವಷ್ಟು ಅಗಲ, ಆದರೆ ಗಾಡಿ ಹೋಗುವುದು ನಿಂತು ಯಾವ ಕಾಲವಾಯಿತೋ. ಔಡಲ, ಎಕ್ಕೆ, ಲಕ್ಕಿ, ಬಾರಿಗಿಡ, ಕವಳಿ ಮೆಳೆ, ಎಲ್ಲಕ್ಕೂ ಹಿರಿಯನಂತೆ ಒಂದು ಬೇವು. ನನಗೆ ಅದು ಕಸ. ಅಕ್ಕನಿಗೆ ಅದೇ ಪ್ರಯೋಗಶಾಲೆ. ಮಳೆಗಾಲದ ಶುರುವಿನಿಂದ ದೀಪಾವಳಿ ದಾಟುವವರೆಗೆ ಅದೇ ಬದು, ಅದೇ ಜಾಗ, ಹದಿನೈದು ದಿನಕ್ಕೊಮ್ಮೆ ಎಣಿಕೆ. ನಡುವೆ ಯಾರಾದರೂ ಬದು ಸವರಿದರೆ ಅಲ್ಲಿಯವರೆಗಿನ ಎಣಿಕೆ ವ್ಯರ್ಥ, ಮುಂದಿನ ವರ್ಷ ಮೊದಲಿನಿಂದ. ಕಾಲೇಜಿನಲ್ಲಿ ಅವಳ ಪ್ರಾಜೆಕ್ಟ್ ನೋಡಿಕೊಳ್ಳುವ ಗೈಡ್ ಮೇಡಂ ಇದನ್ನು ಎರಡು ಸಲ ಹೇಳಿದ್ದರು, ಅಕ್ಕ ನನಗೆ ಇಪ್ಪತ್ತು ಸಲ ಹೇಳಿದಳು.

ಕೆಲಸ ಸರಳ. ಮುಸ್ಸಂಜೆಗೆ ಎರಡು ಬಿದಿರು ನೆಟ್ಟು ನಡುವೆ ಬಿಳಿ ಬಟ್ಟೆ ಬಿಗಿದು ಹಗ್ಗ ಕಟ್ಟುವುದು, ಮುಂದೆ ದೀಪ ಇಡುವುದು, ಬಂದು ಕೂತವರನ್ನು ಬರೆದುಕೊಳ್ಳುವುದು, ನಸುಕಿಗೆ ಎದ್ದು ಇನ್ನೂ ಯಾರಿದ್ದಾರೆ ಎಂದು ಮತ್ತೆ ನೋಡುವುದು. ನಾನು ಹೆಸರಿಡುತ್ತಿದ್ದೆ: ಇವರು ಶಾಲು ಹೊದ್ದ ಮುಖ್ಯೋಪಾಧ್ಯಾಯರು, ಇವಳು ಮದುವೆಗೆ ಬಂದ ದೊಡ್ಡಮ್ಮ. ಅಕ್ಕ ಲ್ಯಾಟಿನ್ ಬರೆಯುತ್ತಿದ್ದಳು. ಒಂದು ಬೆಳಿಗ್ಗೆ ಲಕ್ಕಿ ಗಿಡದ ಮೇಲೆ ಕಣಜ ಕೂತಿದೆ ಎಂದು ನಾನು ಮೂರು ಹೆಜ್ಜೆ ಹಿಂದೆ ಹಾರಿದೆ.

"ಕಣಜ ಅಲ್ಲದು, ಪತಂಗನ. ಕಣಜದ ವೇಷ ಹಾಕ್ಕೊಂಡದ, ಹಕ್ಕಿ ಹೆದರ್ಲಿ ಅಂತ" ಎಂದಳು.

"ಅಂದ್ರ ನನ್ನ ಕುಲದವನ."

"ನಿನ್ನಕಿಂತ ಶಾಣ್ಯಾ. ವೇಷ ಹಾಕಿ ಸುಮ್ಮನ ಕೂಡ್ತದ."

ತೊಂದರೆ ಬಂದದ್ದು ಪೋಳದ ಹೊತ್ತಿಗೆ, ಎತ್ತುಗಳ ಕೋಡಿಗೆ ಬಣ್ಣ ಬಳಿಯುವ ಹಬ್ಬ. ಹಬ್ಬ ಮುಗಿದೊಡನೆ ಆ ಕಡೆಯ ರೈತರು ಬದು ಸವರಿ ಸುಡುತ್ತಾರೆ ಎಂದು ಮಾವ ಹೇಳಿದ. ಮಾರುತಿ ಗುಡಿಯ ಕಟ್ಟೆಯ ಮೇಲೆ ರೈತರು ಸೇರುವ ಸಂಜೆ ಐದು ನಿಮಿಷ ಮಾತಾಡಿ ಕೇಳಿಕೊಂಡರೆ ಬಿಟ್ಟಾರು ಎಂದೂ ಹೇಳಿದ. ಅಕ್ಕ ತಯಾರಾದಳು. ಅಷ್ಟರಲ್ಲಿ ನೆಗಡಿ ಬಂದು ಅವಳ ದನಿ ಪೂರ್ತಿ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ.

ಹೇಳಬೇಕಾದದ್ದನ್ನು ಅವಳು, ನಮ್ಮ ಮನೆಯ ಚೀಟಿಗಳೆಲ್ಲ ಇರುವಂತೆ, ಕನ್ನಡದಲ್ಲಿ ಒಂದು ಚೀಟಿಗೆ ಬರೆದಳು. ಪತಂಗಗಳಿಗೆ ಬದುವಿನ ಗಿಡಗಳು ಬಹಳ ಮುಖ್ಯ. ಎಲ್ಲ ಪತಂಗಗಳೂ ಬೆಳೆ ತಿನ್ನುವುದಿಲ್ಲ. ಎಷ್ಟೋ ಹೂವುಗಳಿಗೆ ಇರುಳಿನಲ್ಲಿ ಪರಾಗ ಒಯ್ಯುವುದು ಇವೇ. ವೇರೂಳಿನ ಗುಹೆಗಳ ಬಾವಲಿಗಳಿಗೆ, ಹಕ್ಕಿಮರಿಗಳಿಗೆ ಇವೇ ಊಟ. ದಯವಿಟ್ಟು ಈ ಒಂದು ಬದುವನ್ನು ದೀಪಾವಳಿ ದಾಟುವವರೆಗೆ ಸವರಬೇಡಿ. ಇಷ್ಟೇ. ಐದು ವಾಕ್ಯ. ನನ್ನ ಕೈಗೆ ಕೊಟ್ಟು, ಬೆರಳೆತ್ತಿ ಎಚ್ಚರಿಸಿ, ಮಾವನ ಮನೆಯಲ್ಲೇ ಕಂಬಳಿ ಹೊದ್ದು ಮಲಗಿದಳು.

ಎದುರಿಗಿದ್ದವರ ಮುಖ ನೋಡಿದ ಮೇಲೆ ನನ್ನ ಧೈರ್ಯ ಇಳಿಯಿತು. ಎಲ್ಲರೂ ಮೆಕ್ಕೆಜೋಳದವರು, ಹತ್ತಿಯವರು. ಮೆಕ್ಕೆಜೋಳದ ಸುಳಿ ತಿನ್ನುವ ಲಷ್ಕರಿ ಹುಳ ಕೂಡ ಒಂದು ಪತಂಗದ ಮರಿಯೇ. ಅದನ್ನು ಕೊಲ್ಲಲು ಬೆಳಿಗ್ಗೆಯಿಂದ ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಂಡು ತಿರುಗಿದ ಜನಕ್ಕೆ ಪತಂಗ ಉಳಿಸಿ ಎನ್ನುವುದು, ಹೋಟೆಲಿನವನಿಗೆ ಜಿರಲೆ ಸಾಕಿ ಎಂದಂತೆ. ಮೊದಲು ನಗಿಸೋಣ, ಆಮೇಲೆ ಹುಳದ ವಿಷಯ ತೆಗೆಯೋಣ ಎಂದುಕೊಂಡೆ.

ಹೀಗಾಗಿ ಪತಂಗ ಎಂಬ ಶಬ್ದವನ್ನು ಗಾಳಿಪಟದ ಕಡೆಯಿಂದ ಹಿಡಿದುಕೊಂಡೆ. ನಮ್ಮ ಅಕ್ಕ ಪತಂಗದಲ್ಲಿ ಎಂ.ಎಸ್ಸಿ. ಮಾಡುತ್ತಾಳೆ ಎಂದು ಬೀಜದ ವ್ಯಾನಿನ ದನಿಯಲ್ಲಿ ಘೋಷಿಸಿದೆ. ಗುಹೆ ತೋರಿಸುವ ಗೈಡಿನ ದನಿಯಲ್ಲಿ, ಈಗ ಬಲಗಡೆ ನೋಡಿ, ಸಂಕ್ರಾಂತಿಗೆ ದೇಶವಿದೇಶದ ಜನ ಪತಂಗ ನೋಡಲು ನಿಮ್ಮ ಹೊಲಕ್ಕೆ ಬರುತ್ತಿದ್ದಾರೆ ಎಂದೆ. ಮಾವನ ದನಿಯಲ್ಲಿ "ಯಾ ರೀ ಪತಂಗ, ಬಸಾ ರೀ ಪತಂಗ" ಎಂದು ಒಂದು ಗಾಳಿಪಟವನ್ನು ಬನ್ನಿ ಕೂತ್ಕೊಳ್ಳಿ ಎಂದು ಉಪಚರಿಸಿದೆ. ಕಟ್ಟೆ ಉರುಳುವಂತೆ ನಕ್ಕರು. ಮಾವ ಎಲ್ಲರಿಗಿಂತ ಹೆಚ್ಚು ನಕ್ಕ, ಅದು ತನ್ನ ದನಿ ಎಂದು ಗೊತ್ತಾಗದೆ. ಐದು ನಿಮಿಷ ಹೇಗೆ ಹೋಯಿತೋ. ಹಾಲಿನ ಡೈರಿಗೆ ಹೊತ್ತಾಯಿತೆಂದು ಜನ ಏಳತೊಡಗಿದಾಗ ಚೀಟಿ ನೆನಪಾಗಿ ಮೊದಲ ವಾಕ್ಯವನ್ನು ಮರಾಠಿಗೆ ಎಸೆದೆ: "ಪತಂಗಾಂಸಾಠೀ ಬಾಂಧಾವರಚೀ ಝಾಡಂ ಲಯೀ ಮಹತ್ತ್ವಾಚೀ." ಪತಂಗಗಳ ಮಟ್ಟಿಗೆ ಬದುವಿನ ಗಿಡಗಳು ಬಹಳ ಮುಖ್ಯ. ಉಳಿದ ನಾಲ್ಕು ವಾಕ್ಯ ಜೇಬಿನಲ್ಲೇ ಉಳಿದವು.

ಬದುವಿನ ಅಜ್ಜ ಎದ್ದು ಬಂದು ಬೆನ್ನು ತಟ್ಟಿದ. ಅವನು ಆಡಿದ್ದೆಲ್ಲ ಮರಾಠಿ, ನಾನು ಮನೆಯ ಕನ್ನಡಕ್ಕೆ ತಂದು ಕೊಡುತ್ತಿದ್ದೇನೆ. ನನ್ನ ಅನುವಾದದ ಯೋಗ್ಯತೆ ಎಷ್ಟೆಂದು ಈಗಾಗಲೇ ನಿಮಗೆ ಗೊತ್ತಾಗಿದೆ.

"ತಿಳೀತು ಮಗಾ. ಗಿಡದ ಚಿಂತಿ ನನಗ ಬಿಡು."

ಅಕ್ಕನಿಗೆ ಹೋಗಿ ಹೇಳಿದೆ, ಒಪ್ಪಿಬಿಟ್ಟರು. ಅವಳು ನಂಬದವಳಂತೆ ನೋಡಿ, ಆಮೇಲೆ ಚೀಟಿಯ ಹಿಂದೆ ಬರೆದು ತೋರಿಸಿದಳು: ಇಷ್ಟು ಸುಲಭವಾಗಿಯೇ? ನಾನು ಕಾಲರ್ ಸರಿಮಾಡಿಕೊಂಡೆ.

ಮುಂದಿನ ಎಣಿಕೆಯ ದಿನ ಮಧ್ಯಾಹ್ನ ನಾವು ಹೊಲ ಮುಟ್ಟಿದಾಗ ದೂರದಿಂದಲೇ ಏನೋ ಬಯಲಾಗಿ ಕಂಡಿತು. ಬದುವಿನ ಅರ್ಧ ಬೋಳು. ಔಡಲ, ಲಕ್ಕಿ, ಕವಳಿ ಎಲ್ಲ ಕಡಿದು ಒಟ್ಟಿದ್ದರು. ಅಜ್ಜನ ಮಗ ಕೊಯಿತಾ, ಅಂದರೆ ಮಚ್ಚು, ಹಿಡಿದು ಬೇವಿನ ಹತ್ತಿರ ಬಂದಿದ್ದ. ಅಜ್ಜ ತಲೆಗೆ ಟವೆಲ್ ಸುತ್ತಿಕೊಂಡು ನಗುತ್ತ ಎದುರಾದ.

"ಬಾ ಮಗಳಾ, ನೋಡು. ಇನ್ನ ಒಂದ ಪತಂಗ ಸೈತ ಗಿಡಕ್ಕ ಸಿಕ್ಕೊಳ್ಳಂಗಿಲ್ಲ. ಉಳಿದದ್ದು ಸಂಜಿಕ್ಕ ಮುಗೀತದ. ಸಂಕ್ರಾಂತಿಗೆ ಟೂರಿಸ್ಟ ಮಂದಿ ಬಂದ್ರ ನಿಲ್ಲಾಕ ಜಾಗಾ ಬೇಕಲ್ಲ."

ಬಿಳಿ ಬಟ್ಟೆ, ಬಿದಿರು, ಹಗ್ಗ ಇವನ್ನೆಲ್ಲ ಹಳ್ಳಿ ಮೊದಲಿನಿಂದ ನೋಡಿತ್ತು. ಇವರು ಏನೋ ದೊಡ್ಡ ಗಾಳಿಪಟ ಕಟ್ಟುತ್ತಿದ್ದಾರೆ ಎಂಬುದು ಅವರ ತೀರ್ಮಾನ. ನನ್ನ ಭಾಷಣ ಬಂದು ಅದಕ್ಕೆ ಮೊಹರು ಒತ್ತಿತ್ತು. ಗಾಳಿಪಟ ಹಾರಿಸಿದ ಯಾರನ್ನು ಬೇಕಾದರೂ ಕೇಳಿ, ಗಿಡಗಳು ಮುಖ್ಯ ಎಂದರೆ ಅವು ಅಡ್ಡ ಎಂದೇ ಅರ್ಥ.

ಅಕ್ಕ ಚೀಲ ಇಳಿಸಿ ಒಟ್ಟಿದ ಕೊಂಬೆಗಳ ಹತ್ತಿರ ಕೂತು ಎಲೆ ಮಗುಚತೊಡಗಿದಳು. ಆಮೇಲೆ, ತಲೆ ಎತ್ತದೆ, ಅರ್ಧ ಮಾತ್ರ ಮರಳಿ ಬಂದಿದ್ದ ದನಿಯಲ್ಲಿ ಕೇಳಿದಳು.

"ನೀ ಅವತ್ತ ಅವರಿಗೆ ಏನಂದಿ?"

ನಾನು ಹೇಳಿದೆ. ಎಷ್ಟು ವಾಕ್ಯ ಎಂದು ಕೇಳಿದಳು. ಒಂದು ಎಂದೆ.

"ಮೊದಲ ಅವರಿಗೆ ಹೇಳು" ಎಂದಳು, ಅಜ್ಜನ ಕಡೆ ಗದ್ದ ಎತ್ತಿ. "ಆಮ್ಯಾಲ ನನ್ನ ಜೋಡಿ ಮಾತಾಡು."

ಅಜ್ಜನ ಮುಂದೆ ಹೋಗಿ ನಿಂತೆ. ಯಾವ ದನಿಯಲ್ಲಿ ಶುರುಮಾಡುವುದೆಂದು ತಿಳಿಯಲಿಲ್ಲ. ಅಭ್ಯಾಸಬಲದಿಂದ ಗುಹೆಯ ಗೈಡಿನ ದನಿ ಬಾಯಿವರೆಗೆ ಬಂದಿತ್ತು, ನುಂಗಿಕೊಂಡೆ.

"ಆಜೋಬಾ, ಪತಂಗ ಅಂದ್ರ ಹಾರಸೋ ಪತಂಗ ಅಲ್ಲ."

"ಮತ್ತ?"

"ಹುಳ."

"ಯಾವ ಹುಳ?"

"ದೀಪಕ್ಕ ಬರೋವು. ರೆಕ್ಕಿ ಇರೋವು."

ಅಜ್ಜ ಕೊಂಬೆಗಳ ರಾಶಿಯನ್ನೂ ನಮ್ಮ ಬಟ್ಟೆಯ ಸುರುಳಿಯನ್ನೂ ಒಂದೊಂದು ಸಲ ನೋಡಿದ. "ಪಾಕೋಳಿ?"

ಅಕ್ಕನ ಕಿವಿ ಚುರುಕು. "ನಡುವ ಕೋಳಿ ಯಾಕ ಬಂತು?" ಎಂದು ಅಲ್ಲಿಂದಲೇ ಕನ್ನಡದಲ್ಲಿ ಕೇಳಿದಳು. ಅವಳೂ ನನ್ನಂತೆಯೇ ನಾಸಿಕದವಳು, ದೀಪದ ಹುಳಕ್ಕೆ ಆ ಹಳ್ಳಿಯವರು ಅನ್ನುವ ಆ ಶಬ್ದ ನಮ್ಮಿಬ್ಬರ ಪೇಟೆಯ ಮರಾಠಿಯಲ್ಲಿ ಇರಲಿಲ್ಲ.

"ಪಾಕೋಳಿ ಅಂತ ಯಾಕ ಹೇಳ್ಲಿಲ್ಲ ಮತ್ತ?" ಎಂದ ಅಜ್ಜ. ನಗು ಹೋಗಿತ್ತು. "ಮೂರು ದಿನದಿಂದ ಊರಿಗೆಲ್ಲಾ ಹೇಳೀನಿ, ನನ್ನ ಹೊಲದಾಗ ಪತಂಗದ ಜಾತ್ರಿ ಅಂತ. ಈಗ ನನಗ ನಗ್ತಾರ. ನಗಸೋದು ನಿನ್ನ ಕೆಲಸ, ನಗಿಸ್ಕೊಳ್ಳೋದು ನನ್ನ ಕೆಲಸನ?"

"ಹುಳ ಉಳಸ್ರಿ ಅಂದ್ರ ನೀವು ಬೈತಿದ್ರಿ. ಅದಕ್ಕ."

"ಬೈತಿದ್ದೆ. ಬೈದು ಸುಮ್ಮನಿರ್ತಿದ್ದೆ. ಕಡೀತಿದ್ದಿಲ್ಲ."

ಅಷ್ಟರಲ್ಲಿ ಅಕ್ಕ ಒಂದು ಔಡಲದ ಕೊಂಬೆ ಹಿಡಿದು ಬಂದಳು. ಕೊಂಬೆಗೆ ಅಂಟಿಕೊಂಡೇ ಒಂದು ಹುಳ, ಬೆನ್ನು ಕಮಾನಿನಂತೆ ಎತ್ತಿ, ಎಲ್ಲಿಗೆ ಹೋಗುವುದೆಂದು ತಿಳಿಯದೆ ತಲೆ ಆಡಿಸುತ್ತಿತ್ತು. ಅಜ್ಜ ಬಗ್ಗಿ ನೋಡಿ, ಇದರ ಅಣ್ಣತಮ್ಮಂದಿರೇ ತನ್ನ ಮೆಕ್ಕೆಜೋಳ ತಿಂದರು ಎಂದ. ಅಕ್ಕ ತನ್ನ ಹರಕು ದನಿಯಲ್ಲಿ, ಪೇಟೆಯ ಮರಾಠಿಯಲ್ಲಿ ಉತ್ತರ ಕೊಟ್ಟಳು. ತಿಂದವರು ಬೇರೆ, ಇವು ಔಡಲ ಬಿಟ್ಟು ನಿಮ್ಮ ಮೆಕ್ಕೆಜೋಳ ಮುಟ್ಟುವುದಿಲ್ಲ.

"ಮತ್ತ ಈ ಬದುವಿನ್ಯಾಗ ಇರೋವೆಲ್ಲಾ ಒಳ್ಳೆಯವ ಏನು?"

"ಗೊತ್ತಿಲ್ಲ ಆಜೋಬಾ" ಎಂದಳು. "ಗೊತ್ತಿದ್ರ ಎಣಸೂ ಕೆಲಸ ಯಾಕ ಮಾಡ್ತಿದ್ದೆ."

ಅಜ್ಜ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಔಷಧ ಮಾರುವವನಿಂದ ಹಿಡಿದು ನನ್ನವರೆಗೆ ಅವನ ಹೊಲಕ್ಕೆ ಬಂದವರೆಲ್ಲ ಎಲ್ಲವೂ ಗೊತ್ತು ಎಂದೇ ಮಾತಾಡಿದವರು. ಆಮೇಲೆ ಮಗನ ಕಡೆ ತಿರುಗಿ ಕೊಯಿತಾ ಕೆಳಗಿಡು ಎಂದ. ಮಗ, ಟ್ರ್ಯಾಕ್ಟರ್ ತಿರುಗಿಸಲು ಈ ಜಾಗ ಹೇಗೂ ಬೇಕು, ಪೂರ್ತಿ ಸವರಿಬಿಡೋಣ ಎಂದು ವಾದ ಹೂಡಿದ. "ದಿವಾಳಿ ಆಗ್ಲಿ, ಆಮ್ಯಾಲ ನೋಡೂಣು" ಎಂದ ಅಜ್ಜ. ಅಲ್ಲಿಗೆ ಅರ್ಧ ಬದು ದೀಪಾವಳಿಯವರೆಗೆ ಉಳಿಯಿತು. ಆಮೇಲೆ ಅದೂ ಹೋಗುತ್ತದೆ ಎಂದು ಮಗನ ಮುಖದಲ್ಲಿ ಬರೆದಿತ್ತು.

ಆ ಮಧ್ಯಾಹ್ನವೆಲ್ಲ ನಾವು ಕಡಿದ ಕೊಂಬೆಗಳಿಂದ ಹುಳ ಆರಿಸಿ ನಿಂತಿರುವ ಗಿಡಗಳಿಗೆ ಬಿಟ್ಟೆವು. ಔಡಲದ್ದು ಔಡಲಕ್ಕೆ, ಎಕ್ಕೆಯದು ಎಕ್ಕೆಗೆ. ನಾನು ಒಂದನ್ನು ತಪ್ಪು ಗಿಡಕ್ಕೆ ಬಿಟ್ಟಾಗ ಅಕ್ಕ ಎತ್ತಿ ಸರಿಯಾದ ಗಿಡಕ್ಕೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಗೈಡ್ ಮೇಡಂ ಫೋನಿನಲ್ಲಿ ಮೊದಲು, ಈ ವರ್ಷ ವ್ಯರ್ಥವಾಯಿತು ಎಂದರು. ಅಕ್ಕ ರಾತ್ರಿಯಿಡೀ ಯೋಚಿಸಿ ಬೆಳಿಗ್ಗೆ ತಿರುಗಿ ಫೋನ್ ಮಾಡಿದಳು. ಒಂದೇ ಬದು, ಅರ್ಧ ಬೋಳು, ಅರ್ಧ ಹಾಗೇ ಇದೆ. ಎರಡೂ ಕಡೆ ಬಟ್ಟೆ ಕಟ್ಟಿ ಎಣಿಸುತ್ತೇನೆ, ಗಿಡ ಹೋದರೆ ಯಾರು ಯಾರು ಹೋಗುತ್ತಾರೆ ಎಂದು ಬರೆಯುತ್ತೇನೆ ಎಂದಳು. ಆಮೇಲೆ ಮೇಡಂ ಕೇಳಿದರಂತೆ, ಉಳಿದ ಅರ್ಧ ಕೊನೆಯ ಎಣಿಕೆವರೆಗೆ ನಿಲ್ಲುತ್ತದೆ ಎಂದು ಖಾತ್ರಿ ಇದೆಯೇ? ಅಕ್ಕ ನನ್ನ ಮುಖ ನೋಡಿ, ನಿಲ್ಲಿಸುತ್ತೇವೆ ಎಂದಳು. ಹೀಗೆ ಹೊರುವ ಬಟ್ಟೆ ಎರಡಾದವು, ಬಿದಿರು ನಾಲ್ಕಾದವು. ಹೊರುವವನು ಒಬ್ಬನೇ ಉಳಿದ.

ಖಾತ್ರಿಗಾಗಿ ನಾನು ಮತ್ತೆ ಮಾರುತಿ ಗುಡಿಯ ಕಟ್ಟೆ ಹತ್ತಬೇಕಾಯಿತು. ಈ ಸಲ ಐದೂ ವಾಕ್ಯ ಓದಿದೆ, ಪತಂಗದ ಜಾಗದಲ್ಲೆಲ್ಲ ಪಾಕೋಳಿ ಹಾಕಿ. ಮೊದಲೇ ಹೇಳಿಬಿಡುತ್ತೇನೆ, ಅಷ್ಟು ಬೇಸರದ ಭಾಷಣವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಇಬ್ಬರು ತೂಕಡಿಸಿದರು. ಮಾವ ನಡುವೆ ಒಂದು ಸಲ, "ಆ ಪತಂಗಕ್ಕ ಉಪಚಾರ ಮಾಡಾಂವಂದು ಮಾಡಪಾ" ಎಂದು ಕೇಳಿಕೊಂಡ. ಅದು ಯಾರ ದನಿಯೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಒಬ್ಬ ರೈತ ಎದ್ದು ಲಷ್ಕರಿ ಹುಳದ ಲೆಕ್ಕ ತೆಗೆದು ಚೆನ್ನಾಗಿ ಬೈದ. ಅಕ್ಕ ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಬೈಗುಳ ಮುಗಿದ ಮೇಲೆ ಯಾರೂ ಬದು ಮುಟ್ಟಲಿಲ್ಲ.

ಕೊನೆಯ ಎಣಿಕೆ ಬಂದದ್ದು ದೀಪಾವಳಿ ಮುಗಿದ ವಾರ. ಚಳಿ ಶುರುವಾಗಿತ್ತು. ಮುಸ್ಸಂಜೆಗೆ ಅಜ್ಜ ಮಫ್ಲರ್ ಸುತ್ತಿಕೊಂಡು ಬಂದ, ಹಿಂದೆ ಮಗ. ನಾಳೆ ಬೆಳಿಗ್ಗೆ ಉಳಿದದ್ದು ಸವರುವುದೆಂದು ಮಗ ದಾರಿಯಲ್ಲೇ ಮಾವನಿಗೆ ಹೇಳಿದ್ದನಂತೆ. ಅಕ್ಕನ ಕೆಲಸ ಅಂದಿಗೆ ಮುಗಿಯುತ್ತಿತ್ತು. ಅವಳು ಮುಗಿದ ಕೆಲಸದ ಸಂತೋಷದಲ್ಲಿರಬೇಕಿತ್ತು, ಆದರೆ ಬೇವಿನ ಕೆಳಗಿನ ಕವಳಿ ಮೆಳೆಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಕೇಳು, ಇನ್ನೊಂದು ವರ್ಷ ಬಿಡಿ ಅಂತ ಕೇಳು ಎಂದು ನಾನು ಪಿಸುಗುಟ್ಟಿದೆ. "ದಿವಾಳಿ ತನಕ ಅಂದಿದ್ವಿ. ಅವರು ಮಾತು ನಡಸ್ಯಾರ. ಅವರ ಹೊಲ" ಎಂದಳು.

ಅಜ್ಜ ಮೊದಲು ಬೋಳು ಕಡೆಯ ಬಟ್ಟೆಯ ಮುಂದೆ ನಿಂತ. ಒಂದೆರಡು ಸಣ್ಣವು ಬಂದಿದ್ದವು, ಅವೂ ದಾರಿ ತಪ್ಪಿದವರಂತೆ ಅಂಚಿನಲ್ಲಿ ಕೂತಿದ್ದವು. ಆಮೇಲೆ ಗಿಡವಿರುವ ಕಡೆಗೆ ಹೋದ. ಅಲ್ಲಿ ಬಟ್ಟೆಯ ತುಂಬ ಕಂದು, ಹಸಿರು, ಬೂದಿ ಬಣ್ಣದ ರೆಕ್ಕೆಗಳು. ಬೇವಿನ ಮೇಲಿಂದ ಒಂದು ಬಾವಲಿ ಬಂದು ಬಟ್ಟೆಯ ಮುಂದೆಯೇ ಒಂದನ್ನು ಎತ್ತಿಕೊಂಡು ಹೋಯಿತು. ಅಜ್ಜ ತಿರುಗಿ ಬೋಳು ಕಡೆಗೆ ಹೋದ. ಮತ್ತೆ ಈ ಕಡೆ ಬಂದ. ಹೀಗೆ ನಾಲ್ಕು ಸಲ ನಡೆದಾಡಿದ. ಅಕ್ಕ ಬರೆಯುವುದನ್ನು ನಿಲ್ಲಿಸಿರಲಿಲ್ಲ, ಆದರೆ ಪೆನ್ನು ಒಂದೇ ಸಾಲಿನ ಮೇಲೆ ಇತ್ತು.

"ಟ್ರ್ಯಾಕ್ಟರ್ ತಿರಗಿಸಲಿಕ್ಕ ಎಷ್ಟು ಜಾಗಾ ಬೇಕೋ?" ಎಂದು ಅಜ್ಜ ಮಗನನ್ನು ಕೇಳಿದ.

ಮಗ ಕೈ ಚಾಚಿ ತೋರಿಸಿದ.

"ಆ ಕಡಿ ಕಡದದ್ದು ಅದಕ್ಕ ಸಾಕಾಗ್ತದ. ಅಲ್ಲೇ ತಿರಗಸು. ಇದು ಇರ್ಲಿ."

ಮಗ ಬಟ್ಟೆಯ ಮೇಲಿದ್ದ ಅಂಗೈಯಗಲದ ಒಂದು ಪತಂಗವನ್ನು ಬಗ್ಗಿ ನೋಡಿದ. ಅಕ್ಕನ ಪೆನ್ನು ಮುಂದಿನ ಸಾಲಿಗೆ ಹೋಯಿತು.

ಈ ಸಿಹಿಸುದ್ದಿ ಊರಿಗೆ ಮುಟ್ಟಿಸಲು ನನಗಿಂತ ಯೋಗ್ಯ ಯಾರು ಎಂದುಕೊಂಡು ನಾನು ಗಂಟಲು ಸರಿಮಾಡಿಕೊಂಡೆ. ಅಜ್ಜ ನನ್ನ ಎದೆಗೆ ಅಂಗೈ ಒತ್ತಿ ತಡೆದ.

"ನೀ ಹೇಳಬ್ಯಾಡ. ನಾನ ಹೇಳ್ತೀನಿ."